ಹೆಬ್ಬೆರಳಿಗೆ ಸಿಕ್ಕ ಹಡಗಿನ ಎಂಜಿನ್

೧೯೩೬ನೆಯ ಇಸವಿ ಜುಲೈ ನಾಲ್ಕನೆಯ ತಾರೀಖು, ಶನಿವಾರ, ಬುಕ್ಕಸಾಗರದ ಜಮೀನ್ದಾರ ಗಾದಿಲಿಂಗಪ್ಪನಿಗೆ ಮೋಸವಾಗಿದೆಯೆಂದು ಗೋಪೀನಾಥರಾಯರು ಶಂಕಿಸಿದರು. ಮದರಾಸಿನ ವ್ಯಾಪಾರಿಯೊಬ್ಬ ಹಳೆಯ ಹಡಗಿನ ಡೀಸೆಲ್ ಎಂಜಿನ್ನನ್ನು ಇಪ್ಪತ್ತು ಅಶ್ವಶಕ್ತಿಯದೆಂದು ಮಾರಿದ್ದ. ಇಪ್ಪತ್ತಿದ್ದರೆ ಹೊಳೆಯ ನೀರು ಮೇಲಿನ ಹೊಲಕ್ಕೆ ಏರುತ್ತದೆ. ಇಲ್ಲದಿದ್ದರೆ ಭತ್ತದ ಸಸಿಮಡಿ ಒಣಗುತ್ತದೆ. ಮರಾಮತ್ತು ಇಲಾಖೆಯಲ್ಲಿ ಎಂಜಿನ್ನುಗಳನ್ನು ಪರೀಕ್ಷಿಸುತ್ತಲೇ ಪಿಂಚಣಿಗೆ ಬಂದಿದ್ದ ರಾಯರು ಹೊಸಪೇಟೆಯಿಂದ ಬಂದು, ಅದರ ದೊಡ್ಡ ಗಾಲಿಗೆ ಹಗ್ಗ ಸುತ್ತಿಸಿದ್ದರು. ಹಗ್ಗದ ತುದಿಗೆ ತೂಗುವ ಭಾರವನ್ನು ಹೊತ್ತುಕೊಂಡೇ ಗಾಲಿ ಎಷ್ಟು ವೇಗವಾಗಿ ತಿರುಗುವುದೋ ಅದರಿಂದ ಶಕ್ತಿಯ ಲೆಕ್ಕ. ತುದಿಯಲ್ಲಿ ಗಾದಿಲಿಂಗಪ್ಪ ಕೂರಲು ಒಂದು ಹಲಗೆ ಸಿದ್ಧವಾಗಿತ್ತು; ಎಂಜಿನ್ನನ್ನು ತಂಪಾಗಿಡುವ ನೀರಿನ ತೊಟ್ಟಿಯ ಬಳಿ ಅವನ ಹೆಂಡತಿ ಚೆನ್ನಬಸಮ್ಮ ನಿಂತಿದ್ದಳು.

ಗಾದಿಲಿಂಗಪ್ಪ: ಅಲ್ರಿ ರಾಯರೆ, ಭಾರ ಬೇಕಂದ್ರ ಕಲ್ಲು ಕಟ್ರಿ. ನನ್ನ ಯಾಕ ಕಟ್ತೀರಿ?

ರಾಯರು: ತೂಕ ಗೊತ್ತಿಲ್ಲದ ಕಲ್ಲಿನಿಂದ ಲೆಕ್ಕ ಹೇಗೆ ಮಾಡಲಿ? ಅಂಗಡಿಯವರ ತಕ್ಕಡಿ ನಾನು ನಂಬುವುದಿಲ್ಲ. ಈ ಊರಲ್ಲಿ ದೇವರೆದುರು ತೂಗಿಸಿಕೊಂಡವನು ನೀನೊಬ್ಬನೇ. ಹೋದ ವಾರ ತುಲಾಭಾರದಲ್ಲಿ ಬೆಲ್ಲ ಎಷ್ಟಾಯಿತು?

ಗಾದಿಲಿಂಗಪ್ಪ: ಏಳು ಮಣ.

ಚೆನ್ನಬಸಮ್ಮ: ನಾ ಮಣ ತೂಕದ ಬೆಲ್ಲದ ಪೆಂಟಿ ಹತ್ತು ಒಯ್ದಿದ್ದೆರಿ. ಇವ್ರು ಏಳಕ್ಕ ತೂಗಿದ್ರು. ಮೂರು ವಾಪಸ್ ಬಂದ್ವು.

ರಾಯರು: ದೇವರ ಲೆಕ್ಕಕ್ಕೆ ತಿದ್ದುಪಡಿ ಇಲ್ಲ, ತಾಯಿ. ಅಂದಹಾಗೆ ಆ ನೀರಿನ ತೊಟ್ಟಿಗೆ ಏನು ಸುರಿಯುತ್ತಿದ್ದೀರಿ?

ಚೆನ್ನಬಸಮ್ಮ: ಉಪ್ಪುರಿ. ಸಮುದ್ರದಾಗ ಇದ್ದದ್ದಲ್ರಿ? ನಮ್ಮ ಹೊಳಿ ನೀರು ಸಪ್ಪಗ ಆದೀತು ಅಂತ.

ರಾಯರು: ಅದು ಎಂಜಿನ್, ಹೊಸ ಸೊಸೆಯಲ್ಲ.

ಗಾದಿಲಿಂಗಪ್ಪ: ಇರ್ಲಿ ಬಿಡ್ರಿ, ತವರಿನ ರುಚಿ ಕೊಟ್ಟಾಳ.

ತೊಟ್ಟಿಯ ನೀರು ಬದಲಾಯಿತು. ಎಂಜಿನ್ ಗುಡುಗಿತು. ಹಗ್ಗ ಬಿಗಿದು, ಗಾದಿಲಿಂಗಪ್ಪ ಹಲಗೆಯ ಸಮೇತ ನೆಲದಿಂದ ಗೇಣುದ್ದ ಮೇಲೆದ್ದ. ಗಾಲಿಯ ಉಜ್ಜಾಟಕ್ಕೆ ಹಗ್ಗ ಹೊಗೆಯಾಡಿತು. ಚೆನ್ನಬಸಮ್ಮ ಕೊಡವೆತ್ತಿ ಸುರಿದಳು.

ಗಾದಿಲಿಂಗಪ್ಪ: ಲೇ, ಗಾಲಿಗೆ ಹಾಕು, ನನಗಲ್ಲ.

ಚೆನ್ನಬಸಮ್ಮ: ಯಾವುದು ಜಾಸ್ತಿ ಸುಡಾಕತ್ತೈತಿ ಅಂತ ತಿಳೀಲಿಲ್ರಿ.

ರಾಯರು ಸುತ್ತೆಣಿಸುವ ಮಾಪಕವನ್ನು ಗಾಲಿಯ ನಡುವಿಗೆ ಒತ್ತಿ, ಬಳಪದಿಂದ ಗೋಡೆಯ ಮೇಲೆ ಗುಣಿಸಿ ಭಾಗಿಸಿದರು. ಅವರ ಮುಖ ಕೆಂಪಾಯಿತು.

ರಾಯರು: ನಿಮಿಷಕ್ಕೆ ಇನ್ನೂರ ಹತ್ತು ಸುತ್ತು, ಏಳು ಮಣ ಭಾರ. ಹದಿನಾಲ್ಕು. ಆರು ಕುದುರೆಗಳನ್ನು ಆ ಮಹಾಶಯ ಮದರಾಸಿನಲ್ಲೇ ಕಟ್ಟಿಕೊಂಡಿದ್ದಾನೆ. ನಾಳೆಯೇ ಬಂಡಿ ಹೂಡಿಸಿ ಇದನ್ನು ವಾಪಸ್ ಕಳಿಸು.

ಚೆನ್ನಬಸಮ್ಮ: ಹೊಸದು ಬರೋತನಕ ಸಸಿ ಕಾಯ್ತಾವೇನ್ರಿ?

ರಾಯರು: ಸುಳ್ಳು ಎಂಜಿನ್ನನ್ನು ನಂಬಿದರೂ ಅವು ಹಸಿರಾಗಿ ಉಳಿಯುವುದಿಲ್ಲ.

ಚೆನ್ನಬಸಮ್ಮ ಖಾಲಿ ಕೊಡವನ್ನು ಕೆಳಗಿಟ್ಟಳು. ಅವಳ ದೃಷ್ಟಿ ಗಂಡನ ಬಲಗಾಲಿನ ಮೇಲೆ ನಿಂತಿತು. ಆ ಕಾಲು ಬೆರಳು ಚಾಚಿ ಕೆಳಗೆ ತಡಕಾಡುತ್ತಿತ್ತು.

ಚೆನ್ನಬಸಮ್ಮ: ಏನ್ರಿ, ಹೆಬ್ಬೆರಳಿಲೆ ಏನು ಹುಡುಕಾಕತ್ತೀರಿ?

ಗಾದಿಲಿಂಗಪ್ಪ: ನೆಲ. ಕಾಲಿಗೆ ನೆಲ ಹತ್ತದಿದ್ರ ನನ್ನ ಎದಿ ಢವಢವ ಅಂತೈತಿ.

ಚೆನ್ನಬಸಮ್ಮ: ಹೋದ ವಾರ ಗುಡಿಯಾಗ ಅನ್ಲಿಲ್ಲ?

ಗಾದಿಲಿಂಗಪ್ಪ ಚಾಚಿದ್ದ ಕಾಲನ್ನು ಹಲಗೆಯ ಮೇಲಕ್ಕೆ ಎಳೆದುಕೊಂಡ.

ಗಾದಿಲಿಂಗಪ್ಪ: ಒಂದ ಹೆಬ್ಬೆರಳು. ಸುಮ್ಮನ ತಾಗಿಸಿದ್ದೆ.

ರಾಯರು: ತಾಗಿಸಿದ್ದೆಯೋ, ಊರಿದ್ದೆಯೋ?

ಗಾದಿಲಿಂಗಪ್ಪ: ತಕ್ಕಡಿ ಸರಪಳಿ ಕಿರ್ ಅಂತು ರಾಯರೆ. ಊರಿದೆ.

ಎಂಜಿನ್ ನಿಲ್ಲಿಸಲಾಯಿತು. ಗುಡಿಯ ತಕ್ಕಡಿಯನ್ನೂ ಅಲ್ಲಿದ್ದ ಏಳು ಪೆಂಟಿಗಳನ್ನೂ ತರಿಸಿ, ಬೇವಿನ ಕೊಂಬೆಗೆ ಎತ್ತರವಾಗಿ ಕಟ್ಟಿ, ಕಣ್ಣುಮುಚ್ಚಿದ್ದ ಗಾದಿಲಿಂಗಪ್ಪನನ್ನು ಕೂರಿಸಿದರು. ಎದುರು ತಟ್ಟೆಯಲ್ಲಿ ಹತ್ತನೆಯ ಪೆಂಟಿ ಬಿದ್ದಾಗ ಮುಳ್ಳು ನೆಟ್ಟಗಾಯಿತು. ರಾಯರು ಗೋಡೆಯ ಏಳನ್ನು ಅಳಿಸಿ ಹತ್ತು ಬರೆದರು.

ರಾಯರು: ಇಪ್ಪತ್ತು. ವ್ಯಾಪಾರಿ ಸತ್ಯವಂತ. ಒಂದು ಹೆಬ್ಬೆರಳಿಗೆ ಮೂರು ಮಣ. ಈ ಬೆರಳು ನನ್ನ ಇಲಾಖೆಯಲ್ಲಿ ಇದ್ದಿದ್ದರೆ ಭಾರ ಎತ್ತುವ ಜಾಕಿಗಳನ್ನು ಕೊಳ್ಳಬೇಕಾಗಿರಲಿಲ್ಲ.

ಚೆನ್ನಬಸಮ್ಮ: ಎಂಜಿನ್ ಇಲ್ಲೇ ಇರ್ತೈತಿ. ಈ ಮೂರು ಪೆಂಟಿ ಗುಡಿಗೆ ಹೋಗ್ತಾವ. ಹೊತ್ಕೊಂಡು ಹೋಗೋರು ಇವ್ರು.

ಗಾದಿಲಿಂಗಪ್ಪ: ಅಂದ್ರ ರಾಯರೆ, ನಿಮ್ಮ ತಕರಾರು ಮುಗೀತಲ್ರಿ?

ಹೊಸಪೇಟೆಯಿಂದ ಹೊತ್ತು ತಂದ ಕೋಪವನ್ನು ಬಳಸದೆ ಮರಳಿ ಒಯ್ಯುವುದು ರಾಯರ ಶಿಸ್ತಿಗೆ ಒಗ್ಗುವಂಥದ್ದಲ್ಲ. ಅವರು ರುಮಾಲು ಸರಿಪಡಿಸಿಕೊಂಡು, ತಕ್ಕಡಿಯ ಜೊತೆ ಬಂದಿದ್ದ ಗುಡಿಯ ಧರ್ಮಕರ್ತರ ಕಡೆ ತಿರುಗಿ ನಿಂತರು.

ರಾಯರು: ಗುಡಿಯ ಧರ್ಮಕರ್ತರೇ, ಮದರಾಸಿನ ವ್ಯಾಪಾರಿಯ ಮೇಲಿನ ದೂರನ್ನು ಹಿಂತೆಗೆದುಕೊಂಡು ನಿಮ್ಮ ಮೇಲೆ ಹೊರಿಸುತ್ತಿದ್ದೇನೆ. ತುಲಾಭಾರದ ತಕ್ಕಡಿಯನ್ನು ಇಂದೇ ಒಂದು ಮೊಳ ಮೇಲಕ್ಕೆ ಕಟ್ಟಿಸತಕ್ಕದ್ದು. ಭಕ್ತ ಎಷ್ಟೇ ಉದ್ದವಿರಲಿ, ಎಷ್ಟೇ ಹೆದರಲಿ, ಅವನ ಹೆಬ್ಬೆರಳು ನೆಲಕ್ಕೆ ಎಟುಕಕೂಡದು.