ಕಾಡುರಸ್ತೆಯಲ್ಲಿ ಕುಂಚ ಹಿಡಿದು

ಕಾಡಿನ ನಡುವೆ ಹಾದುಹೋಗುವ ಆ ರಸ್ತೆಯ ಒಂದೊಂದು ತಿರುವಿಗೂ ಒಂದೊಂದು ಚಿತ್ರ ಬರೆದು, ಪ್ರಕೃತಿಮಾತೆಯೇ ನಾಚುವಂತೆ ಮಾಡುತ್ತೇನೆ ಎಂದು ನಾನು ಘೋಷಿಸಿದಾಗ ನನ್ನವಳು ಬಟ್ಟೆ ಮಡಿಸುತ್ತಿದ್ದಳು.

"ಆಗ್ಲಿ. ಹಳೇ ಅಂಗಿ ಹಾಕ್ಕೊಳ್ಳಿ" ಎಂದಳು. ಮಹಾಕಲಾವಿದನಿಗೆ ಸಿಕ್ಕ ಪ್ರೋತ್ಸಾಹ ಅಷ್ಟೇ!

ವಿಮಾ ಕಚೇರಿಯಲ್ಲಿ ಜಜ್ಜಿದ ಬಂಪರುಗಳ ಫೋಟೋ ನೋಡಿ ನೋಡಿ ಸವೆದ ಕಣ್ಣಿಗೆ ಒಂದಿಷ್ಟು ಸೌಂದರ್ಯ ಬೇಡವೇ? ಭಾನುವಾರ ಹೊರಟೇಬಿಟ್ಟೆವು. ಅವಳು ಸ್ಟಿಯರಿಂಗ್ ಹಿಡಿದಿದ್ದಳು. ನಾನು ಕ್ಯಾನ್ವಾಸನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದೆ.

ಒಂದು ತಿರುವು ದಾಟುತ್ತಲೇ ಎದುರಿಗೆ ಗುಡ್ಡ! ಒಣಹುಲ್ಲಿನ ಹಳದಿ ಮೈ, ನಡುನಡುವೆ ಕಪ್ಪು ಬಂಡೆಗಳು. ಸ್ಟ್ಯಾಂಡು ನೆಟ್ಟು, ಬಣ್ಣ ಕಲಸಿ, ಭರಭರನೆ ಬಳಿದೆ. ಆಮೇಲೆ ಅಳತೆ ಸರಿಯಿದೆಯೇ ಎಂದು ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ, ಗುಡ್ಡವನ್ನೇ ದಿಟ್ಟಿಸುತ್ತ ನಿಂತೆ.

ಕಾರೊಂದು ನಿಂತಿತು. "ಏನ್ ಸಾರ್, ಹುಲಿನಾ?"

ತಪಸ್ಸು ಕೆಡಿಸುವವರಿಗೆ ಏನು ಹೇಳುವುದು? "ಶ್!" ಎಂದೆ.

ಅಷ್ಟೇ! ಕಾರಿನವರು ತುದಿಗಾಲಲ್ಲಿ ಇಳಿದರು. ಹಿಂದೆ ಒಂದು ವ್ಯಾನು, ಅದರ ಹಿಂದೆ ತುಂಬಿದ ಬಸ್ಸು. ಜನ ನೋಡಿ ನನ್ನ ಎದೆ ಉಬ್ಬಿತು.

"ನೋಡಿದ್ಯಾ, ಕಲೆ ಅಂದ್ರೆ ಜನ ಹೇಗೆ ಮುತ್ಕೋತಾರೆ!"

"ಒಬ್ರೂ ಚಿತ್ರ ನೋಡ್ತಿಲ್ಲ ಕಣ್ರೀ. ಎಲ್ರೂ ಪೊದೆ ನೋಡ್ತಿದ್ದಾರೆ."

ಅಷ್ಟರಲ್ಲಿ ಬೈಕಿನಲ್ಲಿ ಅರಣ್ಯ ರಕ್ಷಕ ಬಂದ. "ಹುಲಿ ನೋಡಿದ್ದು ಯಾರು?"

ಅಷ್ಟೂ ಬೆರಳುಗಳು ನನ್ನತ್ತ ತಿರುಗಿದವು.

"ಅಯ್ಯೋ, ನಾನೆಲ್ಲಿ ನೋಡಿದೆ? ಸುಮ್ನೆ ಚಿತ್ರ ಬರೀತಿದ್ದೆ!"

ಆತ ಕ್ಯಾನ್ವಾಸಿನತ್ತ ಬಗ್ಗಿದ. ಮುಖ ಬಿಳಿಚಿಕೊಂಡಿತು. "ಸುಳ್ಳು ಬೇರೆ ಹೇಳ್ತೀರಾ? ಇಷ್ಟು ಹತ್ತಿರದಿಂದ ನೋಡಿದೀರಿ!"

ನಾನೂ ಬಗ್ಗಿದೆ. ಹಳದಿ ಮೈ. ಕಪ್ಪು ಪಟ್ಟೆ. ದೇವರೇ!

ವೈರ್‌ಲೆಸ್ ಗರಗುಟ್ಟಿತು. ಆತ ಅದಕ್ಕೆ ಬಾಯಿಟ್ಟು ಕೂಗಿದ. "ಹುಲಿ ರಸ್ತೆ ಪಕ್ಕದಲ್ಲೇ ಇದೆ. ಎರಡೂ ಕಡೆ ಗೇಟ್ ಹಾಕಿ!"

ಬಸ್ಸಿನ ಕಿಟಕಿಯಿಂದ ಅಜ್ಜಿಯೊಬ್ಬರು ಕೈಮುಗಿದರು. "ಮಗಳಿಗೆ ಹೆರಿಗೆ ನೋವು ಶುರುವಾಗಿದೆಯಪ್ಪಾ. ನಾನು ಆಸ್ಪತ್ರೆಗೆ ಹೋಗ್ಬೇಕು, ಬಿಡಿ."

ಬಾಯಿ ಮುಚ್ಚಿಕೊಂಡಿದ್ದರೆ ನಾನು ಹುಲಿಯೆದುರು ನಿಂತು ಚಿತ್ರ ಬರೆದ ಗಂಡುಗಲಿ! ಬಾಯಿ ಬಿಟ್ಟರೆ ಮಾನ ಹರಾಜು! ಆದರೆ ಅಜ್ಜಿಯ ಕಣ್ಣು ತುಂಬಿತ್ತು. ಹೆಂಡತಿ ಮೆಲ್ಲಗೆ ತಿವಿದಳು. "ಹೇಳಿಬಿಡಿ."

"ಅದು ಹುಲಿ ಅಲ್ಲಪ್ಪಾ" ಎಂದು ಗೊಣಗಿದೆ. "ಆ ಗುಡ್ಡ."

ಆತ ಗುಡ್ಡ ನೋಡಿದ. ಚಿತ್ರ ನೋಡಿದ. ಮತ್ತೆ ಗುಡ್ಡ ನೋಡಿದ. "ಗುಡ್ಡಕ್ಕೆ ಬಾಲ ಇರುತ್ತಾ ಸಾರ್?"

"ಅದು ರಸ್ತೆ."

"ಈ ಮೀಸೆ?"

"ಹುಲ್ಲು."

ಬಸ್ಸಿಗೆ ಬಸ್ಸೇ ಗೊಳ್ಳೆಂದಿತು. ಬಣ್ಣ ಬಳಿಯಲು ಬಂದವನ ಬಣ್ಣವೇ ಬಯಲಾಗಿತ್ತು! ನಗದೆ ಉಳಿದವಳು ನನ್ನ ಹೆಂಡತಿಯೊಬ್ಬಳೇ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಆತ ನಿಟ್ಟುಸಿರಿಟ್ಟು ವೈರ್‌ಲೆಸ್ ಎತ್ತಿದ. "ಗೇಟ್ ತೆಗೀರಿ. ಬಸ್ಸನ್ನ ಮೊದ್ಲು ಬಿಡಿ. ಇಲ್ಲಿ ಹುಲಿ ಇಲ್ಲ. ಚಿತ್ರ ನೋಡಿ ಮೋಸ ಹೋದೆ."

"ಮತ್ತೆ ಚಿತ್ರದಲ್ಲಿರೋದು ಏನು?" ಎಂದಿತು ಆ ಕಡೆಯ ದನಿ.

ಆತ ಮತ್ತೊಮ್ಮೆ ಬಗ್ಗಿದ. ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದ.

"ನೋಡ್ತಾ ಇದೀನಿ ಸಾರ್. ಇನ್ನೂ ಗೊತ್ತಾಗಿಲ್ಲ!"