ಕಿಂಡಿ ಬದಲಾಯಿಸಿದ ಗಡ್ಡೆಯವರಿಗೆ

ಮಾನ್ಯರೇ,

ನನ್ನ ತಂಗಿಯ ಎಡ ಶ್ವಾಸಕೋಶದಲ್ಲಿ ಹೇಳದೆ ಕೇಳದೆ ಬಂದು ನೆಲೆಸಿರುವ ತಮ್ಮ ಸನ್ನಿಧಿಗೆ, ಆಕೆಯ ಹೊಲಿಗೆ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುವ ಅಕ್ಕನ ಅನಂತ ವಂದನೆಗಳು. ಏಳನೇ ತರಗತಿಗೆ ಓದು ಬಿಟ್ಟವಳು ತಮ್ಮಂಥ ಬುದ್ಧಿವಂತರಿಗೆ ಪತ್ರ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ.

ಹೋದ ವರ್ಷ ಡಾಕ್ಟರಮ್ಮ ತಮ್ಮಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡಿಸಿ, ತಮಗೆ ಬೆಳೆಯುವ ಅಪ್ಪಣೆ ಹೊರಡುವುದು ಒಂದು ಕಿಂಡಿಯಿಂದ, ದಿನಕ್ಕೊಂದು ಮಾತ್ರೆ ಹೋಗಿ ಆ ಕಿಂಡಿಯಲ್ಲಿ ಕೂತರೆ ಅಪ್ಪಣೆ ನಿಲ್ಲುತ್ತದೆ ಎಂದರು. ಕಾಜಾಕ್ಕೆ ತಕ್ಕ ಗುಂಡಿ ಎಂದು ನನಗೆ ಕೂಡಲೇ ಅರ್ಥವಾಯಿತು. ಕಿಂಡಿಯ ಹೆಸರಿನ ನಾಲ್ಕು ಅಕ್ಷರಗಳನ್ನು ಅವರಿಂದ ಚೀಟಿಯಲ್ಲಿ ಬರೆಸಿಕೊಂಡು ಬಂದು ದೇವರ ಪಟಕ್ಕೆ ಸಿಕ್ಕಿಸಿದೆ. ಹದಿನಾಲ್ಕು ತಿಂಗಳು, ದಿನಕ್ಕೆರಡು ಹೊತ್ತು, ಅಕ್ಷರ ತಪ್ಪದೆ ಆ ಹೆಸರು ಹೇಳಿ, ಇದೊಂದನ್ನು ಮುಚ್ಚಿಡಪ್ಪಾ ಎಂದು ಬೇಡಿದೆ. ತಾವು ನಿಂಬೆಹಣ್ಣಿನ ಗಾತ್ರದಿಂದ ಕಡಲೆಕಾಳಿಗೆ ಇಳಿದಿರಿ. ತಂಗಿ ಮತ್ತೆ ಮೆಷಿನ್ ತುಳಿದಳು.

ಈಗಿನ ಸ್ಕ್ಯಾನಿನಲ್ಲಿ ತಾವು ಪುನಃ ನಿಂಬೆಹಣ್ಣು. ತಮ್ಮನ್ನೇ ತಾವು ಲಕ್ಷಗಟ್ಟಲೆ ನಕಲು ಮಾಡಿಕೊಳ್ಳುವಾಗ ಎಲ್ಲೋ ಒಂದು ನಕಲು ತಪ್ಪಿರುತ್ತದೆ, ಅದರ ಮೇಲೆ ಮಾತ್ರೆ ನಡೆಯುವುದಿಲ್ಲ, ಉಳಿದವರನ್ನೆಲ್ಲ ಮಾತ್ರೆಯೇ ಸಾಯಿಸಿ ಆ ಒಬ್ಬರಿಗೆ ಜಾಗ ಬಿಡಿಸಿಕೊಟ್ಟಂತಾಯಿತು ಎಂದು ಡಾಕ್ಟರಮ್ಮ ವಿವರಿಸಿದರು. ಆಹಾ! ನಾನು ಒಂದು ಕಾಜಾ ತಪ್ಪಿಸಿದರೆ ಗಿರಾಕಿ ಅಂಗಿಯನ್ನು ಮುಖದ ಮೇಲೆ ಎಸೆದು ಹೋಗುತ್ತಾರೆ. ತಾವು ತಪ್ಪಿಸಿದ ಕಾಜಾದಿಂದಲೇ ಅಂಗಡಿ ವಿಸ್ತರಿಸಿದ್ದೀರಿ. ಮೂವತ್ತು ವರ್ಷದ ಕಸುಬಿನಲ್ಲಿ ಇಂಥ ಕೈಚಳಕ ನಾನು ಕಂಡಿಲ್ಲ.

ಈ ಸಲ ಅದೇ ಕಿಂಡಿಯ ಬಾಯಿ ತಿದ್ದಿಕೊಂಡಿದ್ದೀರೋ, ಬೇರೆ ಕಿಂಡಿಯನ್ನೇ ತೆರೆದಿದ್ದೀರೋ, ಬುಧವಾರ ಸೂಜಿ ಹಾಕಿ ನೋಡಿದ ಮೇಲೆ ತಿಳಿಯುತ್ತದಂತೆ. ಮೊದಲನೆಯದಾದರೆ ಅದಕ್ಕೆ ಹೊಂದುವ ಇನ್ನೊಂದು ಮಾತ್ರೆ ಇದೆ. ಎರಡನೆಯದಾದರೆ ಏನೆಂದು ಕೇಳಿದ್ದಕ್ಕೆ ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡರು.

ದೇವರ ಮೇಲೆ ನನ್ನ ದೂರಿಲ್ಲ. ನಾನು ಹೆಸರು ಹಿಡಿದು ಕೇಳಿದ್ದು ಒಂದನ್ನೇ. ಹೇಳಿದಷ್ಟೇ ಹೊಲಿದುಕೊಡುವುದು ನಮ್ಮ ಅಂಗಡಿಯಲ್ಲೂ ಉಂಟು. ಇದನ್ನು ಹೇಳಿಕೊಂಡು ನಾನು ಅತ್ತಾಗ, ತಂಗಿ ಬಾಯಲ್ಲಿದ್ದ ದಾರ ಕಡಿದು, "ದೇವರಿಗೇ ಅಳತೆ ಚೀಟಿ ಕೊಟ್ಟವಳು ನೀನೊಬ್ಬಳೇ ಕಣಕ್ಕಾ" ಎಂದು ನಕ್ಕಳು. ನಕ್ಕಿದ್ದಕ್ಕೆ ಕೆಮ್ಮು ಬಂತು. ಅದೂ ತಮ್ಮದೇ ಉಡುಗೊರೆ.

ಆದುದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ: ಬುಧವಾರ ಹತ್ತು ಗಂಟೆಗೆ ಸೂಜಿ ಬಂದಾಗ ಮುಖ ಮರೆಸದೆ ನಿಂತು, ಅದೇ ಕಿಂಡಿಯ ಬಾಯಿ ತಿದ್ದಿಕೊಂಡವರೇ ತಾವೆಂದು ಒಪ್ಪಿಕೊಳ್ಳಬೇಕು, ಅಲ್ಲಿಯವರೆಗೆ ನಕಲು ಕೆಲಸಕ್ಕೆ ರಜೆ ಕೊಡಬೇಕು. ಭಾನುವಾರ ನಾವೂ ಬಾಗಿಲು ಹಾಕುತ್ತೇವೆ.

ಇಂತು,
ತಮ್ಮ ಮೇಲೆ ಎಳ್ಳಷ್ಟೂ ವಿಶ್ವಾಸವಿಲ್ಲದ,
ತಮ್ಮ ವಿಶ್ವಾಸಿ,
ಗುಂಡಿ ಹಾಕುವ ಅಕ್ಕ

ತಾ.ಕ.: ಪಟದಿಂದ ಹಳೆಯ ಚೀಟಿ ತೆಗೆದು ಹೊಸದು ಸಿಕ್ಕಿಸಿದ್ದೇನೆ. ಅದರಲ್ಲಿ ಕಿಂಡಿಯ ಹೆಸರಿಲ್ಲ, ತಂಗಿಯ ಹೆಸರಿದೆ. ಅದನ್ನು ತಿದ್ದಲು ತಮಗೆ ಬರುವುದಿಲ್ಲ.