ಅಜ್ಜಿಯ ಹಾಡಿಗೆ ಲಿನಕ್ಸ್ ಹಾಕಿದ್ದು

ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕುವ ಚಟ ಇದ್ದವರು ನಗೆಪಾಟಲಾಗಲು ಬೇರೆ ದಾರಿ ಹುಡುಕಬೇಕಾಗಿಲ್ಲ. ನಾನು ಹೊನ್ನಾವರದ ಹೈಸ್ಕೂಲೊಂದರಲ್ಲಿ ಕಂಪ್ಯೂಟರ್ ಕಲಿಸುವ ಅಕ್ಕೋರು. ಮೂಲೆ ಸೇರಿದ ಮಷಿನ್ ಕಂಡರೆ ನನಗೆ ಸುಮ್ಮನಿರಲಾಗುವುದಿಲ್ಲ. ಯುನಿಕ್ಸ್ ವಂಶದ, ಹಗುರವಾದ, ಪುಕ್ಕಟೆ ಸಿಗುವ, ವಿಂಡೋಸ್ ಬದಲಿಗೆ ಕಂಪ್ಯೂಟರನ್ನು ನಡೆಸುವ ಈ ಲಿನಕ್ಸ್ ತಂತ್ರಾಂಶ ಹಾಕಿ ಎಬ್ಬಿಸಿ ಕೂರಿಸುತ್ತೇನೆ. ಎದ್ದು ಕೂರುತ್ತದೆ, ನಿಜ. ಆದರೆ ಕಣ್ಣು ಬಂದರೆ ಕಿವಿ ಇರುವುದಿಲ್ಲ, ಕಿವಿ ಬಂದರೆ ಬಾಯಿ ಇರುವುದಿಲ್ಲ. ಒಳಗಿನ ಒಂದೊಂದು ಬಿಡಿಭಾಗವನ್ನೂ ಒಪ್ಪಿಸುವಷ್ಟರಲ್ಲಿ ನನ್ನ ಮರ್ಯಾದೆ ಊರೆಲ್ಲ ಹಂಚಿಹೋಗಿರುತ್ತದೆ. ಹೊನ್ನಾವರದ ಪಕ್ಕದ ಕಾಸರಕೋಡಿನ ಒಂದೇ ಮನೆಯಲ್ಲಿ ಎಷ್ಟು ಹೋಯಿತು ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಅದು ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆಯ ಮನೆ. ಆಕೆಯ ಅತ್ತೆ, ಅಂದರೆ ಈ ಕತೆಯ ಅಜ್ಜಿ, ತನ್ನ ವಾರಗಿತ್ತಿಯ ಜೊತೆ ಸೇರಿ ನಲವತ್ತು ವರ್ಷ ಸುತ್ತಲಿನ ಮದುವೆಗೂ ಗದ್ದೆ ನೆಟ್ಟಿಗೂ ಹಾಡಿದವರು. ವಾರಗಿತ್ತಿ ತೀರಿಕೊಂಡ ಮೇಲೆ ಅಜ್ಜಿ ಹಾಡುವುದನ್ನೇ ಬಿಟ್ಟರು.

"ಹಾಡು ರೆಕಾರ್ಡ್ ಮಾಡುವ ಅಂತ ಮೊಬೈಲ್ ಹಿಡಿದ್ರೆ ಒಂದು ಸಾಲು ಹೇಳಿ ಸುಮ್ಮನೆ ಕೂತ್ಕಳ್ತಾರೆ ಅಕ್ಕೋರೆ. ಮರೀತಾ ಬಂದದೆ ಕಾಣ್ತದೆ. ಪೂರಾ ಹೋಗುದ್ರೊಳಗೆ ಎಂತಾದ್ರೂ ಮಾಡಿ" ಎಂದು ಸೊಸೆ ಹೇಳುವಾಗ ಅವಳ ಕಣ್ಣು ತುಂಬಿತ್ತು. ಯಂತ್ರ ಸರಿಯಿದ್ದರೆ ಉಳಿದದ್ದೆಲ್ಲ ಸರಿಹೋಗುತ್ತದೆಂದು ನಂಬಿದವಳು ನಾನು. ಕುಮಟೆಯ ನನ್ನ ಮನೆಯಲ್ಲಿದ್ದ ಹಳೆಯ ಕಂಪ್ಯೂಟರನ್ನೂ ಒಂದು ಒಳ್ಳೆಯ ಮೈಕನ್ನೂ ಟೆಂಪೋದಲ್ಲಿ ಹೇರಿಕೊಂಡು ಹೋದೆ.

೧. ಕಪ್ಪು ಪರದೆ

ಲಿನಕ್ಸ್ ಹಾಕುವುದು ಅರ್ಧ ಗಂಟೆಯಲ್ಲಿ ಮುಗಿಯಿತು. "ಆತು ಅಜ್ಜಿ" ಎಂದು ಜಂಬದಿಂದ ಮತ್ತೆ ಚಾಲೂ ಮಾಡಿದೆ. ಫ್ಯಾನ್ ತಿರುಗುತ್ತಿದೆ, ದೀಪ ಉರಿಯುತ್ತಿದೆ, ಪರದೆ ಮಾತ್ರ ಕಪ್ಪು. ಚಿತ್ರ ತೋರಿಸುವ ಗ್ರಾಫಿಕ್ಸ್ ಕಾರ್ಡಿಗೂ ಲಿನಕ್ಸಿಗೂ ಹೊಂದಿಕೆಯಾಗಿರಲಿಲ್ಲ. ಒಂದು ಗಂಟೆ ಕೀಲಿಮಣೆ ಕುಟ್ಟಿದೆ. ಅಜ್ಜಿ ಎದುರಿಗೆ ಕೂತು ನೋಡಿದಷ್ಟು ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಹಣಿಗೆ ತಂದು, ಪರದೆಯ ಮುಂದೆ ನಿಂತು ನಿಧಾನವಾಗಿ ತಲೆ ಬಾಚಿಕೊಂಡರು.

"ಕನ್ನಡಿ ಚಲೋ ಉಂಟು ಅಕ್ಕೋರೆ" ಅಂದರು.

೨. ಬಾವಿಕಟ್ಟೆ

ಎರಡನೆಯ ಸಲ ಹೋದಾಗ, ಚಿತ್ರ ಸಾದಾ ಇದ್ದರೂ ಸಾಕು ಎಂದು ಲಿನಕ್ಸಿಗೆ ತಿಳಿಹೇಳಿ ಪರದೆ ಬೆಳಗಿಸಿದೆ. ಈಗ ಹಾಡು ರೆಕಾರ್ಡ್ ಮಾಡುವ ತಂತ್ರಾಂಶ ಇಳಿಸಿಕೊಳ್ಳಲು ನೆಟ್ ಬೇಕು, ಮಷಿನಿನ ವೈಫೈ ಕೆಲಸ ಮಾಡುತ್ತಿಲ್ಲ. ವೈಫೈ ಕಾರ್ಡು ಕೆಲಸ ಮಾಡಲು ಅದರ ಡ್ರೈವರ್ ತಂತ್ರಾಂಶ ಬೇಕು, ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ಟಿಗೆ ವೈಫೈ ಬೇಕು. ಮೊಬೈಲನ್ನೇ ವಯರಿನಿಂದ ಸಿಕ್ಕಿಸುವ ದಾರಿಯೊಂದಿತ್ತು. ಆದರೆ ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಬಾವಿಕಟ್ಟೆಯ ಹತ್ತಿರ ಮಾತ್ರ. ಸರಿ, ನಾನು ಪರದೆ ಹೊತ್ತೆ, ಸೊಸೆ ಕಂಪ್ಯೂಟರಿನ ಡಬ್ಬ ಹೊತ್ತಳು, ಅಜ್ಜಿ ಕರೆಂಟಿನ ಉದ್ದ ವಯರು ಹಿಡಿದು ಹಿಂದೆ ಬಂದರು.

ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಕೇಳಿದಳು: "ಎಂತ ಅಕ್ಕೋರೆ, ಅದ್ಕೂ ಸ್ನಾನ ಮಾಡಿಸ್ತ್ರ?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಉತ್ತರ ಕೊಟ್ಟರು: "ಹೌದೆ. ಮೊನ್ನೆ ಕಣ್ಣೇ ಬಿಡಲಿಲ್ಲ. ತಲೆಗೆ ನೀರು ಹಾಕಿ ನೋಡುವ ಅಂತ."

"ಬಿಸಿನೀರು ಹಾಕಿ" ಎಂದು ಬುದ್ಧಿ ಹೇಳಿ ಆಕೆ ಬುಟ್ಟಿ ಹೊತ್ತು ಹೋದಳು.

೩. ಕೇಳಿದ್ದು ಯಾರಿಗೆ

ಕಣ್ಣು ಬಂತು, ನೆಟ್ ಬಂತು, ಇನ್ನು ಧ್ವನಿ. ಮೈಕಿಗೆ ಮಾತು ಬಿದ್ದರೆ ಪರದೆಯಲ್ಲಿ ಒಂದು ಹಸಿರು ಪಟ್ಟಿ ಕುಣಿಯಬೇಕು.

"ಅಜ್ಜಿ, ಪರೀಕ್ಷೆಗೆ ಒಂದು ಮದುವೆ ಹಾಡು ಹೇಳಿ."

"ಮದ್ಮಕ್ಕಳೇ ಇಲ್ಲ. ಯಾರಿಗೆ ಹೇಳುದು?"

"ನೆಟ್ಟಿ ಹಾಡು?"

"ಗದ್ದೆ ಎಲ್ಲುಂಟು ಇಲ್ಲಿ?"

"ಹೋಗಲಿ, ಬಾಯಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳಿ."

ಅಜ್ಜಿ ಮೈಕಿನ ಹತ್ತಿರ ಬಾಗಿ, ದಿನಾ ಕೋಳಿ ಕರೆಯುವ ಹಾಗೆ "ಬಾ ಬಾ ಬಾ ಬಾ" ಅಂದರು. ಹಸಿರು ಪಟ್ಟಿ ಮಿಸುಕಲಿಲ್ಲ. ಹತ್ತು ಸಲ ಏನೇನೋ ಬದಲಿಸಿದೆ, ಹತ್ತು ಸಲವೂ ಅಜ್ಜಿ ತಾಳ್ಮೆಯಿಂದ ಕರೆದರು. ತಲೆ ಎತ್ತಿ ನೋಡಿದರೆ ಮನೆಯ ಕೋಳಿಗಳ ಜೊತೆ ಪಕ್ಕದ ಮನೆಯವೂ ಸೇರಿ ಜಗಲಿ ತುಂಬಿದ್ದವು. ಹುಂಜವೊಂದು ಕೀಲಿಮಣೆಯ ಮೇಲೆ ನಿಂತು ನನ್ನನ್ನೇ ನೋಡುತ್ತಿತ್ತು.

"ನಿಮ್ಮ ಮಷಿನಿಗೆ ಒಂದಕ್ಕೆ ಕೇಳಲಿಲ್ಲ ಅಂತಾತು" ಅಂದರು ಅಜ್ಜಿ.

೪. ಜೊತೆ

ಹುಂಜದ ಕಣ್ಣಲ್ಲಿ ಸಣ್ಣವಳಾದ ಮೇಲೆ ನಾನು ಹಟಕ್ಕೆ ಬಿದ್ದೆ. ಕಡಲಿನ ಉಪ್ಪುಗಾಳಿಗೆ ಮೈಕ್ ಸಿಕ್ಕಿಸುವ ತೂತು ಕಿಲುಬು ಹಿಡಿದಿತ್ತು, ಒಳಗಿನ ಸೌಂಡ್ ಕಾರ್ಡೂ ಲಿನಕ್ಸಿಗೆ ಒಲಿಯಲಿಲ್ಲ. ತರಬೇತಿಗೆಂದು ಭಟ್ಕಳಕ್ಕೆ ಹೋದವಳು ಹೊರಗಿನಿಂದ ಸಿಕ್ಕಿಸುವ ಸಣ್ಣದೊಂದು ಸೌಂಡ್ ಕಾರ್ಡನ್ನೂ, ಕಿವಿಗೆ ಹಾಕುವ ಹೆಡ್‌ಫೋನನ್ನೂ ತಂದೆ. ಲಿನಕ್ಸ್ ಅದನ್ನು ಕಂಡ ಕೂಡಲೇ ಗುರುತಿಸಿತು. ನನ್ನ ಕಣ್ಣಲ್ಲಿ ನೀರೇ ಬಂತು.

ಆದರೆ ಧ್ವನಿಯಲ್ಲಿ ಚರಚರ ಸದ್ದು. ಅದನ್ನು ನಿಲ್ಲಿಸಲು, ಧ್ವನಿಯನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಂಡು ಆಮೇಲೆ ಬಿಡು ಎಂದು ಮಷಿನಿಗೆ ಹೇಳಿದೆ. ಚರಚರ ಹೋಯಿತು. ಬದಲಿಗೆ, ಮೈಕಿನಲ್ಲಿ ಹೇಳಿದ್ದು ಆರೇಳು ಸೆಕೆಂಡು ತಡವಾಗಿ ಕಿವಿಗೆ ಕೇಳತೊಡಗಿತು.

"ಅಜ್ಜಿ, ಇನ್ನೊಂದು ದೋಷ ಬಾಕಿ ಉಂಟು. ನೀವು ಇದನ್ನು ಹಾಕಿಕೊಂಡು ಏನಾದರೂ ಹೇಳುತ್ತಿರಿ, ನಾನು ಸರಿ ಮಾಡುತ್ತೇನೆ" ಎಂದು ಅವರ ಕಿವಿಗೆ ಹೆಡ್‌ಫೋನ್ ಇಟ್ಟೆ. ಕೋಳಿಗಳನ್ನು ಮೊದಲೇ ಗೂಡಿಗೆ ಹಾಕಿದ್ದೆವು, ಹಾಗಾಗಿ ಅಜ್ಜಿ ಒಂದು ಹಾಡಿನ ಸಾಲು ಹೇಳಿದರು. ಎಂದಿನಂತೆ ನಿಲ್ಲಿಸಿದರು.

ತಟ್ಟನೆ ಅವರ ಬೆನ್ನು ನೆಟ್ಟಗಾಯಿತು. ಕಣ್ಣು ಮುಚ್ಚಿ ಏನನ್ನೋ ಕೇಳಿಸಿಕೊಂಡರು, ತಲೆಯಾಡಿಸಿದರು, ಎರಡನೆಯ ಸಾಲು ಹೇಳಿದರು. ಮತ್ತೆ ನಿಲ್ಲಿಸಿದರು, ಕೇಳಿದರು, ಮೂರನೆಯದು. ಹಾಡು ಮುಗಿದು ಇನ್ನೊಂದು ಶುರುವಾಯಿತು. ಸೊಸೆ ಬಾಗಿಲ ಚೌಕಟ್ಟು ಹಿಡಿದು ಅಲ್ಲಾಡದೆ ನಿಂತಳು. ನಾನಂತೂ ದೋಷ ಹುಡುಕುವುದರಲ್ಲೇ ಮುಳುಗಿದ್ದೆ. ಸಿಕ್ಕಿತು, ಸರಿ ಮಾಡಿದೆ. ಅಜ್ಜಿಯ ಹಾಡು ಅಲ್ಲಿಗೇ ನಿಂತಿತು.

"ಎಲ್ಲಿ ಹೋತು ಅದು?"

"ಯಾವುದು ಅಜ್ಜಿ?"

"ನನ್ನ ಹಿಂದೆ ಹೇಳ್ತಿತ್ತಲ್ಲ. ನಮ್ಮ ಹಾಡು ಒಬ್ಬರೇ ಹೇಳುದಲ್ಲ ಅಕ್ಕೋರೆ. ಒಬ್ಬರು ಹೇಳಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹೇಳಬೇಕು. ಆಮೇಲೆ ಮುಂದಿನ ಸಾಲು. ವಾರಗಿತ್ತಿ ಹೋದ ಮೇಲೆ ಹೇಳುವವರು ಯಾರು? ಆ ಮೊಬೈಲ್ ಹೇಳ್ತದಾ?"

ಅಜ್ಜಿ ಹಾಡು ಮರೆತಿರಲಿಲ್ಲ. ಒಂದೊಂದು ಸಾಲು ಹೇಳಿ, ಇಲ್ಲದ ಜೊತೆಗಾಗಿ ಕಾಯುತ್ತಿದ್ದರು. ನಾನು ಒಂದು ತಿಂಗಳಿಂದ ಕಂಪ್ಯೂಟರಿನ ಒಳಗೆ ಕೈ ಹಾಕಿ ಕೂತಿದ್ದೆ. ನಾಚಿಕೆಯಾಯಿತು. ಸರಿ ಮಾಡಿದ್ದನ್ನು ಮತ್ತೆ ಜೋಪಾನವಾಗಿ ಕೆಡಿಸಿದೆ.

ಐದು ಹಾಡು ಆಯಿತು. ಆರನೆಯದರ ನಡುವೆ ಅಜ್ಜಿ ಹೆಡ್‌ಫೋನ್ ಕಿತ್ತು ಮಡಿಲಿಗೆ ಹಾಕಿಕೊಂಡರು.

"ಇದು ಆಗುದಿಲ್ಲ. ನಾ ಒಂದು ಸಾಲು ತಪ್ಪು ಹೇಳ್ದೆ, ಅದೂ ಹಾಂಗೇ ಹೇಳ್ತು. ನನ್ನ ವಾರಗಿತ್ತಿ ಆದ್ರೆ ಪಕ್ಕೆಗೆ ತಿವೀತಿತ್ತು."

ತಿವಿಯುವ ಯಂತ್ರ ಲಿನಕ್ಸಿಗೆ ಸಿಗುವುದಿಲ್ಲ ಎಂದೆ. ಅಜ್ಜಿ ಸೊಸೆಯತ್ತ ತಿರುಗಿದರು. "ನೀ ಬಾ, ಇಲ್ಲಿ ಕೂತ್ಕ. ನಾ ತಪ್ಪಿದ್ರೆ ತಿವಿ."

"ತಿವೀಬೇಕಾದ್ರೆ ಹಾಡು ಪೂರಾ ಬರಬೇಕಲ್ಲ ಅತ್ತೆ?"

"ಬರಬೇಕು. ಕಲಿ."

ನಲವತ್ತು ವರ್ಷದ ಹಾಡುಗಳು. ಶಾಲೆಯ ಅಡುಗೆ, ಮನೆಯ ಅಡುಗೆ, ಕೋಳಿ, ಮಕ್ಕಳು. ಇವಳಿಂದ ಇದೆಲ್ಲಿ ಆಗುತ್ತದೆ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವಳು ಸೆರಗು ಸಿಕ್ಕಿಸಿಕೊಂಡು ಅತ್ತೆಯ ಪಕ್ಕೆಗೆ ಒತ್ತಿ ಕೂತಾಗಿತ್ತು. ನನ್ನ ಮುಖದ ಅನುಮಾನ ಅವಳಿಗೆ ಕಂಡಿರಬೇಕು.

"ಕಲೀತೆ ಅಕ್ಕೋರೆ" ಅಂದಳು. "ಇವರ ಪಕ್ಕೆಗೆ ತಿವೀಬೇಕು ಅಂತ ಹದಿನೆಂಟು ವರ್ಷದಿಂದ ಕಾಯ್ತಾ ಇದ್ದೆ."